ಪಿತ್ತನಾಳದ ಕ್ಯಾನ್ಸರ್‌ಗೆ ‘ಆಪರೇಷನ್ ಆಗೋದಿಲ್ಲ’ ಅಂದಾಗ: ಜೋಡಿ ಚಿಕಿತ್ಸೆಯ ಟ್ರಯಲ್‌ಗೆ ಸೇರುವ ಮುಂಚೆ ಮಾಡಬೇಕಾದ ಕೆಲಸಗಳು

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಕಣ್ಣು ಹಳದಿ ಆದರೆ ಮೊದಲು ನೆನಪಾಗುವುದು ಕಾಮಣಿ ಔಷಧ. ಯಾರೋ ಒಂದು ಊರಿನ ಹೆಸರು ಹೇಳುತ್ತಾರೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಹೋಗಿ ಕುಡಿದು ಬರುತ್ತಾರೆ, ಪಥ್ಯ ಶುರುವಾಗುತ್ತದೆ. ವೈರಸ್‌ನಿಂದ ಬಂದ ಕಾಮಣಿ ಹೆಚ್ಚಿನ ಸಲ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಔಷಧಕ್ಕೆ ಹೆಸರು ಬರುತ್ತದೆ. ಪಿತ್ತನಾಳದಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿದ್ದರೆ ಮಾತ್ರ ಅದು ಇಳಿಯುವುದಿಲ್ಲ. ಮೈಯೆಲ್ಲ ತುರಿಕೆ, ಮೂತ್ರ ಕಡು ಬಣ್ಣ, ಮಲ ಬಿಳಿಚು, ತೂಕ ಇಳಿಕೆ. ಇಷ್ಟಾದ ಮೇಲೆ ಸ್ಕ್ಯಾನ್ ಮಾಡಿಸುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಮಂದಿಗೆ ಡಾಕ್ಟರು ಹೇಳುವ ಮಾತು ಒಂದೇ: ಆಪರೇಷನ್ ಮಾಡುವ ಹಂತ ದಾಟಿದೆ.

ಆಮೇಲೆ ಯಾರೋ ಹೊಸ ಚಿಕಿತ್ಸೆಯ ಟ್ರಯಲ್ (ಚಿಕಿತ್ಸೆಯನ್ನು ಪೇಷಂಟುಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನ) ವಿಷಯ ಎತ್ತುತ್ತಾರೆ. ಕಿಮೋ ಜೊತೆ ಇಮ್ಯುನೊಥೆರಪಿಯಂತೆ (ಮೈಯ ರಕ್ಷಣಾ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ), ಸ್ಟೆಂಟ್ (ಕಟ್ಟಿಕೊಂಡ ನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಜೊತೆ ಲೈಟ್ ಚಿಕಿತ್ಸೆಯಂತೆ, ಎರಡು ಸೇರಿಸಿ ಕೊಡ್ತಾರಂತೆ. ಮನೆಯವರಿಗೆ ಎರಡು ಅಂದರೆ ಒಂದಕ್ಕಿಂತ ಜಾಸ್ತಿ, ಜಾಸ್ತಿ ಅಂದರೆ ಒಳ್ಳೆಯದು ಅನ್ನಿಸುತ್ತದೆ. ಈ ಲೇಖನ ಬರೆಯುತ್ತಿರುವುದೇ ಆ ಕಾರಣಕ್ಕೆ. ಪಿತ್ತನಾಳದ ಕ್ಯಾನ್ಸರ್‌ನಲ್ಲಿ ಕೆಲವು ಜೋಡಿಗಳು ನಿಜಕ್ಕೂ ಆಯುಷ್ಯ ಕೂಡಿಸಿವೆ. ಕೆಲವು ಏನೂ ಕೂಡಿಸಿಲ್ಲ. ಒಂದರಲ್ಲಂತೂ ಆಯುಷ್ಯ ಕಡಿಮೆಯೇ ಆಗಿದೆ. ಯಾವ ಜೋಡಿ, ಯಾವುದಕ್ಕೆ ಹೋಲಿಸಿ, ಯಾರ ಮೇಲೆ ಅಂತ ಕೇಳುವುದನ್ನು ಮನೆಯವರು ಕಲಿಯಬೇಕು.

1. ‘ಆಗೋದಿಲ್ಲ’ ಯಾಕೆ ಅಂತ ಕೇಳಿ

ಪಿತ್ತನಾಳ ಅಂದರೆ ಲಿವರ್‌ನಲ್ಲಿ ತಯಾರಾದ ಪಿತ್ತರಸವನ್ನು ಕರುಳಿಗೆ ಒಯ್ಯುವ ಕೊಳವೆ. ಗಡ್ಡೆ ಮೂರು ಕಡೆ ಬರಬಹುದು: ಲಿವರ್ ಒಳಗಿನ ಸಣ್ಣ ನಾಳಗಳಲ್ಲಿ, ಎಡ ಬಲದ ನಾಳ ಕೂಡುವ ಕವಲಿನಲ್ಲಿ, ಇಲ್ಲವೇ ಕೆಳಗೆ ಕರುಳಿನ ಹತ್ತಿರ. ಹೆಸರು ಒಂದೇ ಆದರೂ ಚಿಕಿತ್ಸೆಯ ದಾರಿ ಬೇರೆ ಬೇರೆ. ನಿಮ್ಮವರದ್ದು ಎಲ್ಲಿದೆ ಅಂತ ಮೊದಲು ಬರೆದುಕೊಳ್ಳಿ.

ಆಮೇಲೆ ಕಾರಣ. ಗಡ್ಡೆ ರಕ್ತನಾಳ ಹಿಡಿದಿದೆಯೇ? ಲಿವರ್‌ನ ಎರಡೂ ಬದಿ ಹರಡಿದೆಯೇ? ಹೊಟ್ಟೆಯ ಪೊರೆಗೋ ಶ್ವಾಸಕೋಶಕ್ಕೋ ಹೋಗಿದೆಯೇ? ಅಥವಾ ಗಡ್ಡೆ ತೆಗೆಯಬಹುದು, ಆದರೆ ಪೇಷಂಟಿಗೆ ಅಷ್ಟು ದೊಡ್ಡ ಆಪರೇಷನ್ ತಡೆಯುವ ಶಕ್ತಿ ಇಲ್ಲವೇ? ಈ ನಾಲ್ಕೂ ಬೇರೆ ಮಾತು. ರಕ್ತನಾಳದ ತೊಂದರೆ ಅಥವಾ ಲಿವರ್ ಒಳಗೇ ಇರುವ ಗಡ್ಡೆ ಆದರೆ, ಚಿಕಿತ್ಸೆಯ ನಂತರ ಅದು ಕುಗ್ಗಿ ಆಪರೇಷನ್‌ಗೆ ಬರುವುದೂ ಉಂಟು. ಫ್ರಾನ್ಸ್‌ನ ಒಂದು ಅಧ್ಯಯನದಲ್ಲಿ ಲಿವರ್ ಒಳಗಿನ ಗಡ್ಡೆ ಇದ್ದ 41 ಮಂದಿಗೆ ಕಿಮೋ ಕೊಟ್ಟರು. ಅದರ ಜೊತೆಗೆ ಯಿಟ್ರಿಯಂ-90 ಅನ್ನುವ ವಿಕಿರಣದ ಸಣ್ಣ ಮಣಿಗಳನ್ನು ಲಿವರ್‌ನ ರಕ್ತನಾಳದ ಮೂಲಕ ಗಡ್ಡೆಗೇ ಬಿಟ್ಟರು. ಅವರಲ್ಲಿ 9 ಮಂದಿ ಆಮೇಲೆ ಆಪರೇಷನ್ ಮಾಡಿಸಿಕೊಳ್ಳುವ ಹಂತಕ್ಕೆ ಬಂದರು. ಸಣ್ಣ ಅಧ್ಯಯನ, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆದರೂ ‘ಆಗೋದಿಲ್ಲ’ ಎಂಬುದು ಯಾವಾಗಲೂ ಕೊನೆಯ ಮಾತಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಲಿವರ್ ಆಪರೇಷನ್ ದಿನವೂ ಮಾಡುವ ಸರ್ಜನ್ ಒಬ್ಬರ ಅಭಿಪ್ರಾಯ ಕೇಳಿ. ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಎಲ್ಲವೂ ಅವಳಿ ನಗರದ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಚಿಗರಿ ಬಸ್ಸಿನಲ್ಲೇ ಓಡಾಡಬಹುದು. ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈಯ ಟಾಟಾ ಆಸ್ಪತ್ರೆಗೆ ಹೋಗುವವರಿದ್ದರೂ, ಇಲ್ಲಿಯ ಡಾಕ್ಟರಿಂದ ಒಂದು ಪತ್ರ ಬರೆಸಿಕೊಂಡೇ ಹೋಗಿ.

2. ಪಿತ್ತಕ್ಕೆ ದಾರಿ ಮಾಡಿ, ಆದರೆ ಅದಕ್ಕೂ ಮುಂಚೆ ಒಂದು ಸ್ಕ್ಯಾನ್

ಬಿಲಿರುಬಿನ್ (ರಕ್ತದಲ್ಲಿ ಏರಿದಾಗ ಕಣ್ಣು ಹಳದಿ ಮಾಡುವ ಅಂಶ) ಮೇಲಿದ್ದರೆ ಕಿಮೋ ಕೊಡುವುದು ಕಷ್ಟ. ಟ್ರಯಲ್‌ಗಳಲ್ಲೂ ಬಿಲಿರುಬಿನ್ ಇಷ್ಟರ ಒಳಗೆ ಇರಬೇಕು ಅಂತ ಮಿತಿ ಇರುತ್ತದೆ. ಅದಕ್ಕೆ ಕಟ್ಟಿಕೊಂಡ ನಾಳದಲ್ಲಿ ಸ್ಟೆಂಟ್ ಹಾಕುತ್ತಾರೆ. ಬಾಯಿಯ ಮೂಲಕ ಕೊಳವೆ ಇಳಿಸಿ ಹಾಕಿದರೆ ಇಆರ್‌ಸಿಪಿ, ಹೊಟ್ಟೆಯ ಮೇಲಿಂದ ಸೂಜಿ ಹಾಕಿ ದಾರಿ ಮಾಡಿದರೆ ಪಿಟಿಬಿಡಿ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಿಗೆ ಬದಲಿಸಬೇಕಾಗುತ್ತದೆ, ಲೋಹದ್ದು ಇನ್ನೂ ಜಾಸ್ತಿ ದಿನ ಬರುತ್ತದೆ.

ಇಲ್ಲಿ ಅವಸರದಲ್ಲಿ ಎರಡು ವಿಷಯ ತಪ್ಪಿ ಹೋಗುತ್ತವೆ. ಸ್ಟೆಂಟ್ ಹಾಕಿದ ಮೇಲೆ ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಸ್ಕ್ಯಾನ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸೋಂಕು, ಜ್ವರ ಇಲ್ಲದಿದ್ದರೆ ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ಮತ್ತು ಸಿಟಿ ಸ್ಕ್ಯಾನ್ ಮೊದಲು ಆಗಲಿ ಅಂತ ಕೇಳಿಕೊಳ್ಳಿ. ಎರಡನೆಯದು, ಕವಲಿನ ಗಡ್ಡೆ ಇದ್ದವರಿಗೆ ಹೊಟ್ಟೆಯ ಮೂಲಕ ಸೂಜಿ ಚುಚ್ಚಿ ಗಡ್ಡೆಯ ತುಣುಕು ತೆಗೆಯುವ ಮುಂಚೆ ‘ಇವರಿಗೆ ಮುಂದೆ ಲಿವರ್ ಕಸಿ ಮಾಡುವ ಸಾಧ್ಯತೆ ಇದೆಯೇ’ ಅಂತ ಒಂದು ಮಾತು ಕೇಳಿ. ಕಾರಣ ಹೇಳುತ್ತೇನೆ. ಅಮೆರಿಕದ ಮೇಯೊ ಕ್ಲಿನಿಕ್ 1993ರಲ್ಲಿ ಒಂದು ಕ್ರಮ ಶುರು ಮಾಡಿತು: ವಿಕಿರಣ ಮತ್ತು ಕಿಮೋ ಮೊದಲು, ಆಮೇಲೆ ಲಿವರ್ ಕಸಿ. ಆ ದೇಶದ 12 ಆಸ್ಪತ್ರೆಗಳಲ್ಲಿ ಹೀಗೆ ಚಿಕಿತ್ಸೆಗೆ ಸೇರಿದ 287 ಮಂದಿಯ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಐದು ವರ್ಷ ಬದುಕಿದವರು ನೂರಕ್ಕೆ 53. ಆಪರೇಷನ್ ಆಗದ ಈ ಕಾಯಿಲೆಯಲ್ಲಿ ಇದು ಬಹಳ ದೊಡ್ಡ ಸಂಖ್ಯೆ. ಆದರೆ ಷರತ್ತು ಬಿಗಿ: ಗಡ್ಡೆ 3 ಸೆಂಟಿಮೀಟರ್‌ಗಿಂತ ದೊಡ್ಡದಿರಬಾರದು, ಎಲ್ಲಿಗೂ ಹರಡಿರಬಾರದು, ಹೊಟ್ಟೆಯ ಮೂಲಕ ಗಡ್ಡೆಗೆ ಸೂಜಿ ಚುಚ್ಚಿರಬಾರದು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಹರಡೀತು ಅನ್ನುವ ಭಯ. 287ರಲ್ಲಿ 71 ಮಂದಿ ಕಸಿಯವರೆಗೂ ತಲುಪಲಿಲ್ಲ. ನಿಮ್ಮವರಿಗೆ ಈ ದಾರಿ ಇರುವ ಸಾಧ್ಯತೆ ಕಡಿಮೆಯೇ. ಆದರೆ ಕೇಳದೆ ಬಾಗಿಲು ಮುಚ್ಚುವುದು ಬೇಡ.

ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ ಚಳಿ ನಡುಕದ ಜ್ವರ ಬಂದರೆ, ಅದು ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವ ಜ್ವರ ಅಲ್ಲ. ನಾಳದಲ್ಲಿ ಸೋಂಕಾಗಿದೆ ಅಂತಲೇ ತಿಳಿಯಿರಿ. ರಾಣೇಬೆನ್ನೂರು, ಹಾನಗಲ್, ಮುಂಡರಗಿ ಕಡೆಯ ಹಳ್ಳಿಯವರು ರಾತ್ರಿ ಎಲ್ಲಿಗೆ ಹೋಗಬೇಕು, ಇಆರ್‌ಸಿಪಿ ಎಲ್ಲಿ ಮಾಡುತ್ತಾರೆ, ಗಾಡಿ ಯಾರದ್ದು ಅಂತ ಡಿಸ್ಚಾರ್ಜ್ ಆಗುವ ದಿನವೇ ಗೊತ್ತು ಮಾಡಿಕೊಂಡಿರಬೇಕು.

3. ಗಡ್ಡೆಯ ತುಣುಕನ್ನು ಬಂಗಾರದಂತೆ ಕಾಪಾಡಿ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದರೆ ಮುಗಿಯಿತು ಅಂತ ಜನ ತಿಳಿಯುತ್ತಾರೆ. ರಿಪೋರ್ಟ್‌ಗಿಂತ ಮುಖ್ಯವಾದದ್ದು ಲ್ಯಾಬಿನಲ್ಲಿ ಉಳಿದಿರುವ ಮೇಣದ ಬ್ಲಾಕ್. ಅದರಲ್ಲಿ ಗಡ್ಡೆಯ ತುಣುಕು ಇರುತ್ತದೆ. ಜೀನ್ ಪರೀಕ್ಷೆ ಮಾಡುವುದು ಅದರ ಮೇಲೆಯೇ. ಲಿವರ್ ಒಳಗಿನ ಗಡ್ಡೆಗಳಲ್ಲಿ ಎಫ್‌ಜಿಎಫ್‌ಆರ್‌2 ಮತ್ತು ಐಡಿಎಚ್‌1 ಅನ್ನುವ ಜೀನ್‌ಗಳ ಬದಲಾವಣೆ ಹುಡುಕುತ್ತಾರೆ. ಎಚ್‌ಇಆರ್‌2 ಜೀನ್‌ನ ಬದಲಾವಣೆ ಹೆಚ್ಚಾಗಿ ಪಿತ್ತಕೋಶ ಮತ್ತು ಲಿವರ್ ಹೊರಗಿನ ನಾಳಗಳಲ್ಲಿ ಸಿಗುತ್ತದೆ. ಇವು ಸಿಕ್ಕರೆ ಅದಕ್ಕೇ ಗುರಿಯಿಟ್ಟ ಮಾತ್ರೆ, ಇಂಜೆಕ್ಷನ್‌ಗಳಿವೆ. ಎಫ್‌ಜಿಎಫ್‌ಆರ್‌2ಗೆ ಪೆಮಿಗಾಟಿನಿಬ್ ಮಾತ್ರೆಗೆ 2020ರಲ್ಲಿ, ಐಡಿಎಚ್‌1ಗೆ ಐವೊಸಿಡೆನಿಬ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥ ಔಷಧಗಳ ಟ್ರಯಲ್‌ಗೆ ಸೇರಲು ಆ ಬದಲಾವಣೆ ಇದೆ ಅನ್ನುವ ದಾಖಲೆ ಬೇಕೇ ಬೇಕು.

ಇಆರ್‌ಸಿಪಿಯಲ್ಲಿ ಬ್ರಷ್ ಹಾಕಿ ತೆಗೆದ ಕಣಗಳು ಎಷ್ಟೋ ಸಲ ಸಾಲುವುದಿಲ್ಲ. ಹಾಗಾಗಿ ಬಯಾಪ್ಸಿಗೆ ಮುಂಚೆಯೇ ಡಾಕ್ಟರನ್ನು ಕೇಳಿ: ‘ಸರ್, ಜೀನ್ ಟೆಸ್ಟಿಗೆ ಸಾಕಾಗುವಷ್ಟು ತುಣುಕು ಬರ್ತದೇನ್ರಿ?’ ಬೇರೆ ಆಸ್ಪತ್ರೆಗೆ ಹೋಗುವಾಗ ಅರ್ಜಿ ಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಪಡೆಯಿರಿ.

4. ಅಡಿಪಾಯದ ಚಿಕಿತ್ಸೆ ಯಾವುದು ಅಂತ ತಿಳಿಯಿರಿ

ಜೋಡಿ ಚಿಕಿತ್ಸೆಯನ್ನು ಅಳೆಯಬೇಕಾದರೆ, ಟ್ರಯಲ್ ಇಲ್ಲದಿದ್ದರೆ ಏನು ಕೊಡುತ್ತಿದ್ದರು ಅನ್ನುವುದು ಗೊತ್ತಿರಬೇಕು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಭಾಗ ಅರ್ಥವಾದರೆ ಟ್ರಯಲ್ ಪತ್ರ ಓದುವುದು ಸುಲಭ.

2010ರಲ್ಲಿ ಬ್ರಿಟನ್ನಿನ ಎಬಿಸಿ-02 ಟ್ರಯಲ್ ಫಲಿತಾಂಶ ಬಂತು. 410 ಮಂದಿ. ಅರ್ಧ ಜನರಿಗೆ ಜೆಮ್‌ಸಿಟಾಬಿನ್ ಅನ್ನುವ ಕಿಮೋ ಔಷಧ ಒಂದೇ, ಇನ್ನರ್ಧಕ್ಕೆ ಜೆಮ್‌ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಇನ್ನೊಂದು ಕಿಮೋ. ಒಂದೇ ಔಷಧದವರ ಮಧ್ಯಮ ಆಯುಷ್ಯ 8.1 ತಿಂಗಳು, ಜೋಡಿಯವರದ್ದು 11.7 ತಿಂಗಳು. ಮಧ್ಯಮ ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು ಅಂತ. ನಿಮ್ಮ ಅಪ್ಪನ ಆಯುಷ್ಯ ಇಷ್ಟೇ ಅಂತ ಅರ್ಥವಲ್ಲ. ಅಂದಿನಿಂದ ಈ ಜೋಡಿಯೇ ಅಡಿಪಾಯವಾಯಿತು.

2022ರಲ್ಲಿ ಟೋಪಾಜ್-1. 685 ಮಂದಿ. ಎಲ್ಲರಿಗೂ ಆ ಎರಡು ಕಿಮೋ ಔಷಧ, ಅರ್ಧ ಜನರಿಗೆ ಮೇಲೆ ಡುರ್ವಾಲುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಇಂಜೆಕ್ಷನ್. ಮೊದಲ ವರದಿಯಲ್ಲಿ ಮಧ್ಯಮ ಆಯುಷ್ಯ 12.8 ತಿಂಗಳು, ಇನ್ನೊಂದು ಗುಂಪಿನದ್ದು 11.5. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಎರಡು ವರ್ಷದ ಲೆಕ್ಕ ನೋಡಿ: ಡುರ್ವಾಲುಮ್ಯಾಬ್ ಗುಂಪಿನಲ್ಲಿ ನೂರಕ್ಕೆ ಸುಮಾರು 25 ಮಂದಿ ಬದುಕಿದ್ದರು, ಇನ್ನೊಂದರಲ್ಲಿ ಸುಮಾರು 10. ಅಂದರೆ ಹೆಚ್ಚಿನವರಿಗೆ ಸ್ವಲ್ಪ, ಕೆಲವರಿಗೆ ಬಹಳ. ಆ ಕೆಲವರು ಯಾರು ಅಂತ ಮೊದಲೇ ಹೇಳಲು ಬರುವುದಿಲ್ಲ. 2023ರಲ್ಲಿ 1069 ಮಂದಿಯ ಕೀನೋಟ್-966 ಟ್ರಯಲ್, ಪೆಂಬ್ರೊಲಿಜುಮ್ಯಾಬ್ ಅನ್ನುವ ಇನ್ನೊಂದು ಇಮ್ಯುನೊಥೆರಪಿ ಜೊತೆ ಇಂಥದ್ದೇ ಫಲ ತೋರಿಸಿತು: 12.7 ತಿಂಗಳು, ಇನ್ನೊಂದು ಗುಂಪಿಗೆ 10.9.

ಈಗ ಇನ್ನೊಂದು ಬದಿ. ಇದೇ ಎರಡು ಕಿಮೋ ಔಷಧಕ್ಕೆ ಮೂರನೆಯ ಕಿಮೋ, ನ್ಯಾಬ್-ಪ್ಯಾಕ್ಲಿಟಾಕ್ಸೆಲ್, ಸೇರಿಸಿದರೆ ಹೇಗೆ? ಮೊದಲ ಸಣ್ಣ ಅಧ್ಯಯನ ಭಾರೀ ಆಸೆ ಹುಟ್ಟಿಸಿತ್ತು. ಅಮೆರಿಕದಲ್ಲಿ 441 ಮಂದಿಯ ದೊಡ್ಡ ಟ್ರಯಲ್ ಮಾಡಿ ನೋಡಿದರೆ, ಮೂರು ಔಷಧಕ್ಕೆ 14.0 ತಿಂಗಳು, ಎರಡಕ್ಕೆ 12.7. ಈ ವ್ಯತ್ಯಾಸ ನಂಬುವಷ್ಟು ದೊಡ್ಡದಾಗಿರಲಿಲ್ಲ. ರಕ್ತಕಣ ಇಳಿಯುವ ತೊಂದರೆ ಮಾತ್ರ ಜಾಸ್ತಿಯಾಯಿತು.

ಎಲ್ಲಕ್ಕಿಂತ ದೊಡ್ಡ ಪಾಠ ಲೈಟ್ ಚಿಕಿತ್ಸೆಯದ್ದು. ಬೆಳಕಿಗೆ ಸೂಕ್ಷ್ಮವಾಗುವ ಔಷಧವನ್ನು ರಕ್ತಕ್ಕೆ ಕೊಟ್ಟು, ನಾಳದೊಳಗೆ ಲೇಸರ್ ಬೆಳಕು ಬಿಟ್ಟು ಗಡ್ಡೆ ಸುಡುತ್ತಾರೆ. ಇದಕ್ಕೆ ಫೋಟೊಡೈನಮಿಕ್ ಥೆರಪಿ ಅನ್ನುತ್ತಾರೆ. 2003ರಲ್ಲಿ 39 ಮಂದಿಯ ಒಂದು ಟ್ರಯಲ್‌ನಲ್ಲಿ ಬರೀ ಸ್ಟೆಂಟ್ ಹಾಕಿದವರ ಮಧ್ಯಮ ಆಯುಷ್ಯ 98 ದಿನ, ಸ್ಟೆಂಟ್ ಜೊತೆ ಲೈಟ್ ಚಿಕಿತ್ಸೆ ಪಡೆದವರದ್ದು 493 ದಿನ! ಇನ್ನೊಂದು ಗುಂಪಿಗೆ ಇದನ್ನು ಕೊಡದಿರುವುದು ಅನ್ಯಾಯ ಅಂತ ಟ್ರಯಲ್‌ ಅನ್ನೇ ನಿಲ್ಲಿಸಿದರು. ಎಲ್ಲರೂ ನಂಬಿದರು. ಆಮೇಲೆ ಬ್ರಿಟನ್ನಿನಲ್ಲಿ ಫೋಟೊಸ್ಟೆಂಟ್-02 ಅಂತ 92 ಮಂದಿಯ ಟ್ರಯಲ್ ನಡೆಯಿತು. ಅಲ್ಲಿ ಲೆಕ್ಕ ತಿರುಗಿಬಿತ್ತು: ಲೈಟ್ ಚಿಕಿತ್ಸೆ ಸೇರಿಸಿದವರು 6.2 ತಿಂಗಳು, ಬರೀ ಸ್ಟೆಂಟಿನವರು 9.8 ತಿಂಗಳು. ಅದನ್ನೂ ನಡುವೆಯೇ ನಿಲ್ಲಿಸಬೇಕಾಯಿತು, ಈ ಸಲ ಉಲ್ಟಾ ಕಾರಣಕ್ಕೆ. ಲೈಟ್ ಚಿಕಿತ್ಸೆ ಪಡೆದವರು ವಾರಗಟ್ಟಲೆ ಬಿಸಿಲಿಗೆ ಬರುವಂತಿಲ್ಲ. ಗದಗಿನ ಬಿಸಿಲಿನಲ್ಲಿ, ಹೊಲಮನೆಯ ಬದುಕಿನಲ್ಲಿ, ಉಳಿದಿರುವ ಕೆಲವೇ ತಿಂಗಳಲ್ಲಿ ಒಂದು ತಿಂಗಳು ಮನೆಯೊಳಗೇ ಕಳೆಯುವುದು ಎಷ್ಟು ದೊಡ್ಡ ಬೆಲೆ ಅಂತ ಯೋಚನೆ ಮಾಡಿ.

ಸಣ್ಣ ಅಧ್ಯಯನದ ದೊಡ್ಡ ಸಂಖ್ಯೆ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ, ಎಷ್ಟು ಮಂದಿಯ ಮೇಲೆ ನೋಡಿದ್ದು ಅಂತ ಕೇಳಿ. ಯಾವುದಕ್ಕೆ ಹೋಲಿಸಿದ್ದು ಅಂತಲೂ ಕೇಳಿ. ಇಂದಿನ ಟ್ರಯಲ್ ಒಂದು ಹೊಸ ಜೋಡಿಯನ್ನು ಬರೀ ಹಳೆಯ ಕಿಮೋಗೆ ಹೋಲಿಸುತ್ತಿದ್ದರೆ, ಇಮ್ಯುನೊಥೆರಪಿ ಯಾಕೆ ಸೇರಿಸಿಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆ. ಆ ಔಷಧದ ಬೆಲೆ ನಮ್ಮ ಎಷ್ಟೋ ಮನೆಗಳಿಗೆ ಎಟುಕದ್ದು, ಅದೇ ಉತ್ತರ ಇರಬಹುದು. ಆದರೂ ಕೇಳಿ.

5. ಟ್ರಯಲ್ ಎಲ್ಲಿದೆ ಅಂತ ನೀವೇ ಹುಡುಕಿ

ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಗೆ ಸಿಟಿಆರ್‌ಐ ಅನ್ನುತ್ತಾರೆ. 2007ರಲ್ಲಿ ಶುರುವಾಯಿತು, 2009ರಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ಪಟ್ಟಿ ಇಂಗ್ಲಿಷಿನಲ್ಲಿದೆ. ಕಾಯಿಲೆಯ ಹೆಸರನ್ನು, ಕೊಲಾಂಜಿಯೋಕಾರ್ಸಿನೋಮಾ ಅಂತ, ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡು ಹಾಗೇ ಟೈಪ್ ಮಾಡಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿದ್ದರೆ ಈ ಕೆಲಸ ಅವರಿಗೆ ಕೊಡಿ.

ಸಿಕ್ಕ ಟ್ರಯಲ್‌ನಲ್ಲಿ ನೋಡಬೇಕಾದದ್ದು: ಹೊಸ ಪೇಷಂಟ್ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ, ಯಾವ ಊರಿನ ಯಾವ ಆಸ್ಪತ್ರೆ, ಯಾರನ್ನು ಸೇರಿಸುವುದಿಲ್ಲ. ಹಂತವನ್ನೂ ನೋಡಿ. ಮೊದಲ ಹಂತದಲ್ಲಿ ಔಷಧ ಎಷ್ಟು ಕೊಟ್ಟರೆ ಮೈ ತಡೆಯುತ್ತದೆ ಅಂತ ನೋಡುತ್ತಾರೆ, ಎರಡನೆಯದರಲ್ಲಿ ಗಡ್ಡೆ ಕುಗ್ಗುತ್ತದೆಯೇ ಅಂತ, ಮೂರನೆಯದರಲ್ಲಿ ಈಗಿರುವ ಚಿಕಿತ್ಸೆಗಿಂತ ಒಳ್ಳೆಯದೇ ಅಂತ. ಪಟ್ಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ, ರಿಪೋರ್ಟ್ ಕಳಿಸಿ, ಬನ್ನಿ ಅಂದ ಮೇಲೆಯೇ ರೈಲು ಹತ್ತಿ. ದಣಿದ ಪೇಷಂಟನ್ನು ಸುಮ್ನೆ ಬೆಂಗಳೂರಿಗೆ ಒಯ್ದು ವಾಪಸ್ ಕರೆತರುವುದು ಬೇಡ.

ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ಪೇಷಂಟಿಗೂ ಜೊತೆಯವರೊಬ್ಬರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಪೇಷಂಟಿಗೆ ಪೂರ್ತಿ ಮಾಫಿ, ಜೊತೆಯವರಿಗೆ ನೂರಕ್ಕೆ 75. ಆಸ್ಪತ್ರೆಯಿಂದ ಫಾರ್ಮ್ ತುಂಬಿಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು.

6. ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು ಓದಿ

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಮಾಹಿತಿ ಪತ್ರ ಪೇಷಂಟಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಕನ್ನಡದ್ದು ಕೊಡಿ ಅಂತ ಕೇಳಲು ಸಂಕೋಚ ಬೇಡ. ಓದಲು ಬಾರದವರಾದರೆ, ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ‘ಈಗಲೇ ಸಹಿ ಮಾಡಿ’ ಅಂದರೆ ‘ಮನ್ಯಾಗ ಮಾತಾಡಿ ಬರ್ತೇವ್ರಿ’ ಅನ್ನಿ. ಆ ಸಮಯ ಕೇಳುವುದು ನಿಮ್ಮ ಹಕ್ಕು.

ಪತ್ರದಲ್ಲಿ ಇವು ಇರಲೇಬೇಕು: ಹೊಸ ಔಷಧ ಕೆಲಸ ಮಾಡದೆಯೂ ಇರಬಹುದು ಅನ್ನುವ ಮಾತು, ಪ್ಲಸೀಬೊ (ಔಷಧದಂತೆ ಕಾಣುವ, ಔಷಧವಿಲ್ಲದ ಮಾತ್ರೆ ಅಥವಾ ಇಂಜೆಕ್ಷನ್) ಇದ್ದರೆ ಅದರಿಂದ ಚಿಕಿತ್ಸೆಯ ಫಲ ಸಿಗುವುದಿಲ್ಲ ಅನ್ನುವ ಮಾತು, ನಿಮ್ಮ ಕೈಯಿಂದ ಖರ್ಚು ಬಂದರೆ ಎಷ್ಟು, ಯಾವಾಗ ಬೇಕಾದರೂ ಹೊರಗೆ ಬರಬಹುದು ಅನ್ನುವ ಮಾತು. ಟ್ರಯಲ್‌ನಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಪ್ಲಸೀಬೊ ಅಂದ ಕೂಡಲೇ ಗಾಬರಿ ಬೇಡ. ಟೋಪಾಜ್-1ರಲ್ಲಿ ಪ್ಲಸೀಬೊ ಗುಂಪಿಗೂ ಎರಡು ಕಿಮೋ ಔಷಧ ಪೂರ್ತಿ ಸಿಕ್ಕಿತ್ತು. ಯಾರಿಗೆ ಯಾವ ಗುಂಪು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ಡಾಕ್ಟರಿಗೆ ವಶೀಲಿ ಹಚ್ಚಿದರೂ ಬದಲಾಗುವುದಿಲ್ಲ.

ರೊಕ್ಕದ ಮಾತು ಬಿಡಿಸಿ ಕೇಳಿ. ‘ಸರ್, ಟ್ರಯಲ್ ಔಷಧ ಪುಕ್ಕಟೆ ಅಂದ್ರಿ. ಸ್ಕ್ಯಾನ್, ಸ್ಟೆಂಟ್ ಬದಲಿಸೋದು, ಜ್ವರ ಬಂದು ಅಡ್ಮಿಟ್ ಆದ್ರ, ಅದೆಲ್ಲಾ ಯಾರ ಲೆಕ್ಕ?’ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಟ್ರಯಲ್‌ಗೆ ಸೇರಿದ ಮೇಲೆ ಯಾವ ಖರ್ಚು ಯೋಜನೆಗೆ, ಯಾವುದು ಟ್ರಯಲ್‌ಗೆ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರವೂ ಕೇಳಿಕೊಳ್ಳಿ. ಟ್ರಯಲ್‌ಗೆ ಸೇರಿಸಲಿಕ್ಕೇ ದುಡ್ಡು ಕೇಳಿದರೆ, ನೋಂದಣಿ ನಂಬರ್ ಕೊಡದಿದ್ದರೆ, ಅಲ್ಲಿಂದ ಎದ್ದು ಬನ್ನಿ.

ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ಅದರಲ್ಲಿ ಎಥಿಕ್ಸ್ ಕಮಿಟಿಯವರ (ಟ್ರಯಲ್‌ನಲ್ಲಿ ಪೇಷಂಟಿನ ಹಿತ ಕಾಯುವ ಸಮಿತಿ) ನಂಬರ್ ಇರುತ್ತದೆ. ದೂರು ಇದ್ದರೆ ಅವರಿಗೇ ನೇರ ಫೋನ್ ಮಾಡಬಹುದು.

7. ದಿನಗಳ ಲೆಕ್ಕ ಹಾಕಿ

ಜೆಮ್‌ಸಿಟಾಬಿನ್-ಸಿಸ್‌ಪ್ಲಾಟಿನ್ 21 ದಿನಕ್ಕೊಂದು ಸುತ್ತು. ಒಂದನೆಯ ದಿನ, ಎಂಟನೆಯ ದಿನ ಆಸ್ಪತ್ರೆಗೆ ಹೋಗಬೇಕು. ಎಂಟು ಸುತ್ತು ಅಂದರೆ ಸುಮಾರು ಆರು ತಿಂಗಳು. ಇದರ ಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್. ಟ್ರಯಲ್ ಬೆಂಗಳೂರಿನಲ್ಲಿದ್ದರೆ ಹಾವೇರಿಯಿಂದ ಓಡಾಡುವುದೋ, ಅಲ್ಲೇ ರೂಮ್ ಮಾಡುವುದೋ? ಕೊಯ್ಲಿನ ಹೊತ್ತಿಗೆ ಜೊತೆಗೆ ಯಾರು ಹೋಗುತ್ತಾರೆ? ಇದನ್ನೆಲ್ಲ ಸಹಿಗೆ ಮುಂಚೆ ಕೂತು ಮಾತಾಡಿ, ಪೇಷಂಟನ್ನೂ ಕೂರಿಸಿಕೊಂಡು. ಅವರಿಗೆ ಗೊತ್ತಾಗಬಾರದು ಅಂತ ಬಚ್ಚಿಟ್ಟು ಟ್ರಯಲ್‌ಗೆ ಸೇರಿಸಲು ಆಗುವುದಿಲ್ಲ. ಒಪ್ಪಿಗೆ ಅವರದ್ದು.

ಸಿಸ್‌ಪ್ಲಾಟಿನ್ ಕಿಡ್ನಿಗೆ ಭಾರ. ಕಿವಿ ಗುಂಯ್ ಅನ್ನುವುದು, ಕೈಕಾಲು ಜುಮ್ಮು ಹಿಡಿಯುವುದು ಶುರುವಾದರೆ ತಕ್ಷಣ ಹೇಳಬೇಕು. ಇಮ್ಯುನೊಥೆರಪಿ ಬೇರೆ ತರಹ: ಮೈಯ ರಕ್ಷಣಾ ಶಕ್ತಿ ತನ್ನ ಮೈಯ ಮೇಲೆಯೇ ತಿರುಗಬಹುದು. ಭೇದಿ, ಒಣ ಕೆಮ್ಮು, ಏದುಸಿರು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ಬೇಡ, ಟ್ರಯಲ್ ತಂಡಕ್ಕೆ ಫೋನ್ ಮಾಡಿ. ಬೇರೆ ಆಸ್ಪತ್ರೆಗೆ ಹೋದರೂ ‘ಇವರಿಗೆ ಇಮ್ಯುನೊಥೆರಪಿ ನಡೆದಿದೆ’ ಅಂತ ಮೊದಲು ಹೇಳಿ.

ಕಾಮಣಿ ಔಷಧ, ಕಷಾಯ, ಭಸ್ಮ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಡಾಕ್ಟರು ಬೈದರೆ ಬೈಯಲಿ. ಲಿವರ್ ಕೆಟ್ಟಿದ್ದು ಯಾವುದರಿಂದ ಅಂತ ಗೊತ್ತಾಗದೆ ಒಳ್ಳೆಯ ಚಿಕಿತ್ಸೆಯನ್ನೇ ನಿಲ್ಲಿಸಬೇಕಾದ ಪರಿಸ್ಥಿತಿ ಬರುತ್ತದೆ.

8. ಟ್ರಯಲ್‌ಗೆ ಸೇರಲಾಗದಿದ್ದರೆ

ಎಷ್ಟೋ ಮಂದಿಗೆ ಸಿಗುವುದಿಲ್ಲ. ಬಿಲಿರುಬಿನ್ ಇಳಿಯುವುದಿಲ್ಲ, ಶಕ್ತಿ ಇರುವುದಿಲ್ಲ, ಹತ್ತಿರದಲ್ಲಿ ಟ್ರಯಲ್ ಇರುವುದಿಲ್ಲ. ಆಗ ಅಡಿಪಾಯದ ಕಿಮೋ ಹುಬ್ಬಳ್ಳಿಯಲ್ಲೇ ಆಗಬಹುದು. ಅದು ಕೆಲಸ ನಿಲ್ಲಿಸಿದ ಮೇಲೆ ಎರಡನೆಯ ಸಾಲಿನ ಕಿಮೋ ಇದೆ. ಫಾಲ್ಫಾಕ್ಸ್ ಅನ್ನುವ ಈ ಜೋಡಿಯನ್ನು ಎಬಿಸಿ-06 ಟ್ರಯಲ್‌ನಲ್ಲಿ ಬರೀ ನೋವು-ತೊಂದರೆ ನಿಭಾಯಿಸುವ ಆರೈಕೆಗೆ ಹೋಲಿಸಿದಾಗ ಮಧ್ಯಮ ಆಯುಷ್ಯ 5.3 ತಿಂಗಳಿಂದ 6.2ಕ್ಕೆ ಏರಿತು. ಒಂದು ವರ್ಷ ಬದುಕಿದವರು ನೂರಕ್ಕೆ ಸುಮಾರು 11ರಿಂದ 26 ಆದರು. ಯಾರಿಗೆ ಇದು ಬೇಕು, ಯಾರಿಗೆ ಬೇಡ ಅನ್ನುವುದನ್ನು ಪೇಷಂಟೇ ಹೇಳಲಿ.

ನೋವು-ತೊಂದರೆ ನಿಭಾಯಿಸುವ ಈ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ, ಅಂದರೆ ಕೈಬಿಟ್ಟರು ಅಂತ ಅರ್ಥವಲ್ಲ. ಟ್ರಯಲ್‌ನಲ್ಲಿ ಇದ್ದವರಿಗೂ ಇಲ್ಲದವರಿಗೂ ಮೊದಲ ದಿನದಿಂದ ಅದು ಬೇಕು. ತುರಿಕೆಗೆ ಔಷಧ ಇದೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ, ಡಾಕ್ಟರು ಹೇಳಿದ ಲೆಕ್ಕದಲ್ಲಿ ತೆಗೆದುಕೊಂಡರೆ ಚಟ ಹತ್ತುತ್ತದೆ ಅನ್ನುವ ಭಯ ಬೇಡ. ಅದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮುಗಿಯುವ ಮುಂಚೆಯೇ ಎಲ್ಲಿ, ಯಾವ ಚೀಟಿಗೆ ಸಿಗುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮತ್ತು ಮಲಬದ್ಧತೆಯ ಔಷಧವನ್ನೂ ಅದರ ಜೊತೆಗೇ ಶುರು ಮಾಡಿಸಿ.